ಒಂದೇ ಆಕಾಶದಲ್ಲಿ ಹಲವು ಡ್ರೋನ್: ಸುರಕ್ಷಿತವಾಗಿ ಹಾರಿಸುವುದು ಹೇಗೆ?

ಭತ್ತದ ಗದ್ದೆಗೆ ಔಷಧಿ ಸಿಂಪಡಿಸುವ ಡ್ರೋನ್ ಹಾರುತ್ತಿರುವಾಗಲೇ ಪಕ್ಕದ ಜಮೀನಿನ ಸರ್ವೆಗೆ ಇನ್ನೊಂದು ಮೇಲೇರಬಹುದು. ಪೈಲಟ್‌ಗಳಿಬ್ಬರೂ ನುರಿತವರಾಗಿದ್ದ ಮಾತ್ರಕ್ಕೆ ಡಿಕ್ಕಿ ತಪ್ಪುವುದಿಲ್ಲ. ಯಾವ ಡ್ರೋನ್ ಯಾವ ಹೊತ್ತಿನಲ್ಲಿ ಎಲ್ಲಿರಬೇಕೆಂಬುದು ನೆಲದ ಮೇಲೆಯೇ ತೀರ್ಮಾನವಾಗಬೇಕು.

ಮೊದಲು ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದಲ್ಲಿ, ಎಲ್ಲಿ ಡ್ರೋನ್ ಹಾರಿಸಬಹುದೆಂದು ಬಣ್ಣದ ವಲಯಗಳಲ್ಲಿ ತೋರಿಸುವ ನಕ್ಷೆಯನ್ನು ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿ ಎತ್ತರದವರೆಗೆ ಪೂರ್ವಾನುಮತಿ ಬೇಕಿಲ್ಲ; ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದಲ್ಲಿ ಈ ಮಿತಿ 200 ಅಡಿ. ಅನುಮತಿ ಬೇಡವೆಂದರೆ ಆಕಾಶ ಖಾಲಿಯಿದೆ ಎಂದರ್ಥವಲ್ಲ.

ಬಳಿಕ ಅಕ್ಕಪಕ್ಕದ ಪೈಲಟ್‌ಗಳೊಂದಿಗೆ ಕುಳಿತು ಸಮಯ, ಗಡಿ ಮತ್ತು ಎತ್ತರಗಳನ್ನು ಹಂಚಿಕೊಳ್ಳಿ. ಇಲ್ಲೊಂದು ತೊಡಕಿದೆ. ಅನೇಕ ಡ್ರೋನ್‌ಗಳು ತಾವು ಮೇಲೇರಿದ ಜಾಗವನ್ನೇ ಸೊನ್ನೆಯೆಂದು ಹಿಡಿದು ಎತ್ತರ ತೋರಿಸುತ್ತವೆ. ಕೆರೆ ಏರಿಯು ಗದ್ದೆಗಿಂತ 10 ಮೀಟರ್ ಎತ್ತರದಲ್ಲಿದ್ದರೆ, ಏರಿಯಿಂದ ಹೊರಟು 30 ಮೀಟರ್ ತೋರಿಸುವ ಡ್ರೋನ್ ಮತ್ತು ಗದ್ದೆಯಿಂದ ಹೊರಟು 40 ಮೀಟರ್ ತೋರಿಸುವ ಡ್ರೋನ್ ವಾಸ್ತವದಲ್ಲಿ ಒಂದೇ ಮಟ್ಟದಲ್ಲಿರುತ್ತವೆ. ಆದ್ದರಿಂದ ಎಲ್ಲರೂ ಒಂದೇ ಜಾಗದಿಂದ ಹಾರಿಸುವುದು ಲೇಸು.

ಹೆಚ್ಚಿನವರು ಮರೆಯುವುದು ‘ರಿಟರ್ನ್ ಟು ಹೋಮ್’ ಎತ್ತರವನ್ನು. ರಿಮೋಟ್ ಸಂಪರ್ಕ ಕಡಿದಾಗ ಡ್ರೋನ್ ಮೊದಲೇ ನಮೂದಿಸಿದ ಎತ್ತರಕ್ಕೆ ಏರಿ ಮರಳುವಂತೆ ಹೊಂದಿಸಿರುವುದೇ ಹೆಚ್ಚು. ಎಲ್ಲ ಡ್ರೋನ್‌ಗಳಲ್ಲೂ ಕಂಪನಿ ಇಟ್ಟ ಅಂಕಿಯೇ ಉಳಿದಿದ್ದರೆ, ಒಂದೇ ಅಡಚಣೆಯಿಂದ ಸಂಪರ್ಕ ಕಳೆದುಕೊಂಡವೆಲ್ಲ ಒಂದೇ ಎತ್ತರದಲ್ಲಿ ಎದುರುಬದುರಾಗಬಹುದು. ಪ್ರತಿಯೊಂದಕ್ಕೂ ಬೇರೆ ಎತ್ತರವನ್ನೂ ಇಳಿಯಲು ಬೇರೆ ಜಾಗವನ್ನೂ ಗೊತ್ತುಮಾಡಿ.

ಡ್ರೋನ್‌ಗಳು ತಮ್ಮ ಸ್ಥಾನವನ್ನು ಪರಸ್ಪರ ತಿಳಿಸುವ ವ್ಯವಸ್ಥೆಯಿದ್ದರೆ, ಬಂದ ಸಂದೇಶ ಎಷ್ಟು ಹಳೆಯದೆಂದು ಗಮನಿಸಿ: ಸೆಕೆಂಡಿಗೆ 10 ಮೀಟರ್ ವೇಗದ ಡ್ರೋನ್ ಮೂರು ಸೆಕೆಂಡಿನಲ್ಲಿ 30 ಮೀಟರ್ ಮುಂದೆ ಹೋಗಿರುತ್ತದೆ. ಕಳುಹಿಸಿದವರು ಯಾರೆಂಬುದಕ್ಕೆ ಡಿಜಿಟಲ್ ಸಹಿ ಸಾಕ್ಷಿಯಾದೀತು. ಆದರೆ ಜಿಪಿಎಸ್ ತಪ್ಪಿದ್ದರೆ ಸಹಿಯುಳ್ಳ ಸಂದೇಶವೂ ತಪ್ಪೇ. ಹಾಗಾಗಿ ಆಕಾಶದ ಮೇಲೆ ಕಣ್ಣಿಡಲು ಒಬ್ಬ ವೀಕ್ಷಕರಿರಲಿ.

ಹೆಲಿಕಾಪ್ಟರ್ ಸದ್ದು ಕೇಳಿದರೆ ಎಲ್ಲ ಡ್ರೋನ್‌ಗಳನ್ನೂ ಕೂಡಲೇ ಇಳಿಸಬೇಕು. ಜನರಿರುವ ವಿಮಾನ, ಹೆಲಿಕಾಪ್ಟರ್‌ಗಳಿಗೆ ದಾರಿ ಬಿಡುವುದು ನಿಯಮವೂ ಹೌದು. ಆಗ ‘ಹೋಮ್’ ಗುಂಡಿ ಒತ್ತಬೇಡಿ, ಡ್ರೋನ್ ಮೊದಲು ಮೇಲಕ್ಕೇರಬಹುದು. ಕೈಯಿಂದಲೇ ನೇರವಾಗಿ ಕೆಳಗಿಳಿಸಿ.