ಹಳೆಯ ಡೀಸೆಲ್ ಪಿಕಪ್ ಎಳೆಯುತ್ತಿಲ್ಲವೇ? ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇ ಗೇರು ಬೇಕಾಗುತ್ತಿದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಎದ್ದು ಓಡುವುದಿಲ್ಲ ಎಂದ ಕೂಡಲೇ ಬರುವ ಉತ್ತರ "ಪಂಪ್ ಹೋಗಿದೆ, ನೋಝಲ್ ಹೋಗಿದೆ". ಆ ಮಾತಿಗೆ ಒಪ್ಪಿ, ನೋಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಆ ಪಂಪ್ ಬಿಚ್ಚಿಸಿದರೆ ದೊಡ್ಡ ಮೊತ್ತ ಕೈಬಿಡುತ್ತದೆ. ದೋಷ ಮಾತ್ರ ಎಷ್ಟೋ ಸಲ ಒಂದು ಕೇಬಲಿನಲ್ಲೋ ಸೀಳಿದ ಹೋಸಿನಲ್ಲೋ ಇರುತ್ತದೆ. ಪಂಪ್ ಯಾವಾಗಲೂ ಕೊನೆಗೆ. ಇಲ್ಲಿ ಹೇಳುತ್ತಿರುವುದು ಹಳೆಯ ಬೊಲೆರೊ ಪಿಕಪ್‌ನ 2523 ಸಿಸಿ ಟರ್ಬೊ ಡೀಸೆಲ್ ಎಂಜಿನ್ ಬಗ್ಗೆ, ಅದರಲ್ಲೂ ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿಸುವ ಹೆಚ್ಚು ಒತ್ತಡದ ಡೀಸೆಲ್ ವ್ಯವಸ್ಥೆ) ಬರುವ ಮೊದಲಿನ ಮೆಕ್ಯಾನಿಕಲ್ ಪಂಪಿನ ಗಾಡಿಗಳ ಬಗ್ಗೆ. ಆ ಕಾಲದ ಬೇರೆ ಡೀಸೆಲ್ ಗಾಡಿಗಳಿಗೂ ಕ್ರಮ ಹೆಚ್ಚುಕಡಿಮೆ ಇದೇ.

ಎಂಜಿನ್ನೇ ಸೋತಿದೆಯೇ?

ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿಗೆ ಹಾಕಿ, ಗಂಟೆಗೆ 40 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿತು, ವೇಗ ಏರಲಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಲೋಡ್ ಇದ್ದಾಗ ಸುಟ್ಟ ವಾಸನೆಯೂ ಬರುತ್ತದೆ. ಪ್ಲೇಟ್ ಬದಲಿಸುವ ಮುನ್ನ ಪೆಡಲಿಗೆ ಸ್ವಲ್ಪವಾದರೂ ಫ್ರೀ ಪ್ಲೇ (ಒತ್ತಿದಾಗ ಮೊದಲು ಸಿಗುವ ಸಡಿಲ ಆಟ) ಇದೆಯೇ ನೋಡಿ. ಗೇರ್‌ಬಾಕ್ಸ್ ಇಳಿಸಿದಾಗ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಅಲ್ಲೇ ಬದಲಿಸಿ. ಇಲ್ಲವಾದರೆ ಹೊಸ ಪ್ಲೇಟಿಗೂ ಎಣ್ಣೆ ತಗುಲಿ ಮತ್ತೆ ಜಾರುತ್ತದೆ.

ಇನ್ನೊಂದು ಬ್ರೇಕ್ ಹಿಡಿದುಕೊಂಡಿರುವುದು. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಎಂಟು ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ಕಾವು ನೋಡಿ, ಮುಟ್ಟಬೇಡಿ. ಒಂದೇ ಚಕ್ರ ಬಿಸಿಯಾಗಿದ್ದರೆ ಅಲ್ಲಿಯ ವ್ಹೀಲ್ ಸಿಲಿಂಡರ್ ಅಥವಾ ಕ್ಯಾಲಿಪರ್ ಸಿಕ್ಕಿಕೊಂಡಿದೆ. ಹಿಂದಿನ ಎರಡೂ ಬಿಸಿಯಾಗಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸು ಬರುತ್ತಿಲ್ಲದಿರಬಹುದು. ನಾಲ್ಕೂ ಬಿಸಿಯಾಗಿದ್ದರೆ ಬ್ರೇಕ್ ಪೆಡಲಿನ ಫ್ರೀ ಪ್ಲೇ, ಮಾಸ್ಟರ್ ಸಿಲಿಂಡರ್ ನೋಡಿ. ಟೈರಿನ ಗಾಳಿಯನ್ನೂ ಇದರ ಜೊತೆಗೇ ನೋಡಿಬಿಡಿ.

ಪೆಡಲಿನಿಂದ ಪಂಪಿನವರೆಗೆ

ಎಂಜಿನ್ ಆಫ್ ಇರಲಿ. ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಲಿ, ನೀವು ಬಾನೆಟ್ ಎತ್ತಿ ಪಂಪಿನ ಲಿವರ್ ನೋಡಿ. ಅದು ಫುಲ್ ಸ್ಟಾಪ್ ಸ್ಕ್ರೂಗೆ ಹೋಗಿ ತಾಗಲೇಬೇಕು. ಮಧ್ಯದಲ್ಲಿ ಸ್ವಲ್ಪ ಜಾಗ ಉಳಿದರೆ ಕೇಬಲ್ ಸಡಿಲವಾಗಿದೆ, ಇಲ್ಲವೇ ಪೆಡಲಿನ ಕೆಳಗೆ ಮ್ಯಾಟ್ ಮಡಚಿ ಕೂತಿದೆ. ಕೇಬಲಿನ ಅಡ್ಜಸ್ಟಿಂಗ್ ನಟ್ ತಿರುಗಿಸಿ ಸರಿಮಾಡಿ. ಪೆಡಲ್ ಬಿಟ್ಟಾಗ ಲಿವರ್ ಪೂರ್ತಿ ಹಿಂದೆ ಬರುವುದೂ ಅಷ್ಟೇ ಮುಖ್ಯ.

ಹೊಗೆ ಏನು ಹೇಳುತ್ತದೆ

ಎಂಜಿನ್ ಬಿಸಿಯಾದ ಮೇಲೆ, ಲೋಡ್ ಹಾಕಿ ಏರಿನಲ್ಲಿ ಓಡಿಸುವಾಗ ಹಿಂದಿನ ಗಾಡಿಯಿಂದ ಯಾರಾದರೂ ಸೈಲೆನ್ಸರ್ ನೋಡಲಿ. ನಿಂತಲ್ಲೇ ರೇಸ್ ಮಾಡಿ ನೋಡಿದರೆ ನಂಬಬೇಡಿ. ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ. ಹೊಗೆಯೂ ಇಲ್ಲ ಎಳೆತವೂ ಇಲ್ಲ ಎಂದರೆ ಡೀಸೆಲ್ಲೇ ಸಾಕಷ್ಟು ಹೋಗುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಪಂಪ್ ಟೈಮಿಂಗ್, ನೋಝಲ್ ಅಥವಾ ಕಂಪ್ರೆಷನ್ ಮೇಲೆ ಅನುಮಾನ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದರ ಗುರುತು, ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್ ಕಡೆ ನೋಡಬೇಕು.

ಹೊಗೆ ಇಲ್ಲದಿದ್ದರೆ: ಡೀಸೆಲ್ ದಾರಿ

ಮೊದಲು ಟ್ಯಾಂಕ್ ಮುಚ್ಚಳ. ಗಾಡಿ ಸೋತಾಗ ನಿಲ್ಲಿಸಿ ಮುಚ್ಚಳ ತೆರೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಚೆನ್ನಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆ.

ಆಮೇಲೆ ಫಿಲ್ಟರ್. ವಾಟರ್ ಸೆಪರೇಟರಿನ ಅಡಿಯ ಸ್ಕ್ರೂ ಸಡಿಲಿಸಿ ಕಾಲು ಲೀಟರಿನಷ್ಟನ್ನು ಗಾಜಿನ ಬಾಟಲಿಗೆ ಬಿಡಿ. ನೀರು ಇದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಿಂದಿನ ಸಲ ಫಿಲ್ಟರ್ ಯಾವಾಗ ಹಾಕಿಸಿದ್ದೆಂದು ನೆನಪಿಲ್ಲದಿದ್ದರೆ ತೊಳೆಯಲು ಹೋಗದೆ ಹೊಸದೇ ಹಾಕಿ, ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆಯಿರಿ.

ಫಿಲ್ಟರ್ ಬದಲಿಸಿದ ಮೇಲೂ ಹಾಗೇ ಇದ್ದರೆ ಏರ್ ಎಳೆಯುತ್ತಿದೆಯೇ ನೋಡಬೇಕು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಪಂಪ್) ಪೈಪಿನಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಹಾಗಾಗಿ ಹೊರಗಿನಿಂದ ಒಣಗಿ ಕಂಡರೂ ದೋಷ ಇರಬಹುದು. ಆ ಸಾಲಿನಲ್ಲಿ ಡೀಸೆಲಿಗೆ ಹಾಳಾಗದ ಒಂದು ಅಡಿ ಪಾರದರ್ಶಕ ಪೈಪ್ ಸೇರಿಸಿ ಎಂಜಿನ್ ಓಡಿಸಿ. ಗುಳ್ಳೆಗಳು ಬಿಡದೆ ಬಂದರೆ ಹಳೆಯ ರಬ್ಬರ್ ಹೋಸ್, ಕ್ಲಾಂಪ್, ವಾಷರ್‌ಗಳನ್ನೆಲ್ಲ ಬದಲಿಸಿ.

ಇದಕ್ಕಿಂತ ಖಚಿತವಾದ ಪರೀಕ್ಷೆ ಕ್ಯಾನಿನದು. ಗಾಡಿ ನಿಲ್ಲಿಸಿಯೇ, ಐದು ಲೀಟರ್ ಶುದ್ಧ ಡೀಸೆಲ್ ಇರುವ ಕ್ಯಾನಿನಿಂದ ಫೀಡ್ ಪಂಪಿಗೆ ನೇರ ಪೈಪ್ ಕೊಡಿ, ರಿಟರ್ನ್ ಪೈಪ್ ಟ್ಯಾಂಕಿಗೇ ಇರಲಿ. ಮೊದಲು ರೇಸ್ ಕೊಟ್ಟಾಗ ತಡವರಿಸುತ್ತಿದ್ದ ಎಂಜಿನ್ ಈಗ ಸಲೀಸಾಗಿ ಏರಿದರೆ ಕಸ ಇರುವುದು ಟ್ಯಾಂಕಿನ ಜಾಲರಿಯಲ್ಲೋ ಪೈಪಿನಲ್ಲೋ. ಪಂಪಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಕ್ಯಾನ್ ಸೈಲೆನ್ಸರ್, ಟರ್ಬೊಗಳಿಂದ ದೂರವಿರಲಿ.

ಕಪ್ಪು ಹೊಗೆಯಾದರೆ: ಗಾಳಿಯ ದಾರಿ

ಏರ್ ಫಿಲ್ಟರ್ ತೆಗೆದು ಒಳಗೆ ಟಾರ್ಚ್ ಹಿಡಿಯಿರಿ. ಬೆಳಕು ಹೊರಗೆ ಕಾಣದಿದ್ದರೆ ಬದಲಿಸಿ. ಕಂಪ್ರೆಸರ್ ಗಾಳಿ ಹೊಡೆಯುವುದಿದ್ದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ. ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ, ಸಣ್ಣ ಕಲ್ಲು ಸಾಕು ಟರ್ಬೊ ಫ್ಯಾನ್ ಮುರಿಯಲು.

ನಂತರ ಟರ್ಬೊದಿಂದ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಫ್ಯಾನ್) ಇಂಟರ್‌ಕೂಲರ್‌ಗೆ (ಆ ಗಾಳಿ ತಣಿಸುವ ಭಾಗ), ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸ್‌ಗಳು. ಸೀಳು ಸಾಮಾನ್ಯವಾಗಿ ಕೆಳಭಾಗದಲ್ಲಿ, ಕ್ಲಾಂಪ್ ಅಂಚಿನಲ್ಲಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕೈಯಿಂದ ಹಿಚುಕಿ ನೋಡಿ, ಹೊರಗೆ ಹೊಸ ಎಣ್ಣೆ ಜಿಡ್ಡು ಇರುವ ಜಾಗವನ್ನು ಗಮನಿಸಿ. ಏರು ಹತ್ತುವಾಗ ಮಾತ್ರ ಸೀಟಿಯಂಥ ಸದ್ದು ಬಂದರೆ ಬಹುಮಟ್ಟಿಗೆ ಇದೇ. ಕೆಲವು ಪಂಪ್‌ಗಳಿಗೆ ಟರ್ಬೊ ಗಾಳಿ ಕೊಡುವ ಬೆರಳು ದಪ್ಪದ ಪೈಪ್ ಇರುತ್ತದೆ. ಅದು ಬಿರುಕುಬಿಟ್ಟರೆ ಪಂಪ್ ಹೆಚ್ಚಿನ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ, ಆಗ ಕಪ್ಪು ಹೊಗೆಯೂ ಇರುವುದಿಲ್ಲ. ಎಲ್ಲರ ಕಣ್ಣು ತಪ್ಪುವ ದೋಷ ಇದು.

ಟರ್ಬೊ ನೋಡಲು ಎಂಜಿನ್ ತಣ್ಣಗಾದ ಮೇಲೆ ಗಾಳಿ ಕಡೆಯ ಪೈಪ್ ತೆಗೆದು ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಇರುವುದು ಸಹಜ. ಹಿಂದೆಮುಂದೆ ಆಟ ಗೊತ್ತಾಗುವಷ್ಟಿದ್ದರೆ, ಅಥವಾ ಫ್ಯಾನ್ ಗೋಡೆಗೆ ಉಜ್ಜಿದ ಗುರುತಿದ್ದರೆ, ಟರ್ಬೊ ಮುಗಿದಿದೆ. ಎಕ್ಸಾಸ್ಟ್ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಇರುವ ಗಾಡಿಯಲ್ಲಿ ಅದು ಮಸಿ ಹಿಡಿದು ತೆರೆದೇ ನಿಂತಿದ್ದರೂ ಇದೇ ಲಕ್ಷಣ.

ಎಳೆತ ಬರಲಿ ಎಂದು ಪಂಪಿನ ಸೀಲ್ ಒಡೆದು ಡೀಸೆಲ್ ಸ್ಕ್ರೂ ತಿರುಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಗಾಳಿ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿದರೆ ಎಕ್ಸಾಸ್ಟ್ ಶಾಖ ಏರಿ ಟರ್ಬೊ, ಪಿಸ್ಟನ್ ಎರಡೂ ಹಾಳಾಗುತ್ತವೆ.

ಕೊನೆಗೆ ನೋಝಲ್, ಪಂಪ್

ಐಡಲ್‌ನಲ್ಲಿ ಕನ್ನಡಕ, ಕೈಗವಸು ಹಾಕಿ ಒಂದೊಂದೇ ನೋಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಖಂಡಿತ ಮಾಡಬಾರದು. ಅಲ್ಲಿನ ಒತ್ತಡ 1000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಆ ಗಾಡಿಗೆ ಸ್ಕ್ಯಾನರ್ ಹಾಕಿಸಿ ರೈಲ್ ಪ್ರೆಷರ್ ನೋಡಿಸುವುದೇ ಸರಿ.

ಹೀಗೆ ಸಿಕ್ಕಿದ ಕೆಲಸ ಮಾಡದ ಸಿಲಿಂಡರಿನ ನೋಝಲನ್ನು ಬೇರೆ ಸಿಲಿಂಡರಿಗೆ ಹಾಕಿ ನೋಡಿ. ದೋಷ ಅದರ ಜೊತೆ ಹೋದರೆ ನೋಝಲ್, ಅಲ್ಲೇ ಉಳಿದರೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಬಳಿಯ ಸಂದು) ಮತ್ತು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಪ್ರಮಾಣ) ಅಳೆಸಿ. ನಾಲ್ಕೂ ಸರಿಯಾಗಿ ಉರಿಯುತ್ತಿದ್ದು, ಮೇಲಿನದೆಲ್ಲ ಸರಿಯಿದ್ದು, ಆಗಲೂ ಎಳೆತ ಇಲ್ಲದಿದ್ದರೆ ಮಾತ್ರ ಪಂಪ್ ಇಳಿಸಿ. ಇಳಿಸುವ ಮೊದಲು ಪಂಪ್ ಮತ್ತು ಎಂಜಿನ್ ಮೇಲೆ ಒಂದಕ್ಕೊಂದು ಎದುರಾಗಿ ಗುರುತು ಹಾಕಿಸಿ, ಟೆಸ್ಟ್ ಬೆಂಚ್ ಇರುವ ಕಡೆಗೇ ಕಳಿಸಿ, ವಾಪಸು ಕೂರಿಸುವಾಗ ಟೈಮಿಂಗನ್ನು ಡಯಲ್ ಗೇಜ್ ಇಟ್ಟು ಹೊಂದಿಸಲು ಹೇಳಿ.