ಸ್ಟಾರ್ ಮಕ್ಕಳ ನಟನೆ ಕಳಪೆ ಅನ್ನುವ ಮೊದಲು: 'ಹಿಯರ್ಸ್ ಲೂಸಿ' ನೋಡುವ ಬಗೆ

'ಹಿಯರ್ಸ್ ಲೂಸಿ' ಅನ್ನುವ ಹಳೆಯ ಅಮೆರಿಕನ್ ಟಿವಿ ಹಾಸ್ಯ ಶೋನ ಮೊದಲ ಸೀಸನ್ ಹಾಕಿಕೊಂಡು ಹತ್ತು ನಿಮಿಷ ನೋಡಿ. ಮಗನ ಪಾತ್ರದ ಹುಡುಗ ತನ್ನ ಡೈಲಾಗ್ ಹೇಳಿ ಮುಗಿಸಿ ಸುಮ್ನೆ ನಿಂತುಬಿಡುತ್ತಾನೆ. ಮಗಳು ಪರವಾಗಿಲ್ಲ, ಆದರೆ ಅವಳೂ ಕೆಲವು ಕಡೆ ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಮಾತಾಡುತ್ತಾಳೆ. ಇಬ್ಬರೂ ನಾಯಕಿ ಲೂಸಿಲ್ ಬಾಲ್ ಅವರ ಸ್ವಂತ ಮಕ್ಕಳು ಅಂತ ಗೊತ್ತಾದ ಕೂಡಲೇ ನಮ್ಮ ತೀರ್ಪು ರೆಡಿ. ಅಮ್ಮನ ಶೋ, ಅದಕ್ಕೇ ಚಾನ್ಸ್ ಸಿಕ್ಕಿದೆ, ಮುಗೀತು.

ಆ ತೀರ್ಪು ಪೂರ್ತಿ ಸುಳ್ಳಲ್ಲ. ಆದರೆ ನಟನೆ ಚೆನ್ನಾಗಿಲ್ಲ ಅನ್ನುವುದು ಒಂದು ಮಾತು, ಯಾಕೆ ಚೆನ್ನಾಗಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಯಾರಿಗೂ ಕಾಣುತ್ತದೆ. ಎರಡನೆಯದನ್ನು ಹುಡುಕಬೇಕಾದರೆ ಬೇರೆ ಥರ ನೋಡಬೇಕು. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು ಹಿನ್ನೆಲೆ ಸರಿಮಾಡಿಕೊಳ್ಳಿ. ಇದು 1968ರ ಸೆಪ್ಟೆಂಬರ್‌ನಿಂದ 1974ರ ಮಾರ್ಚ್‌ವರೆಗೆ ಸಿಬಿಎಸ್ ಚಾನೆಲ್‌ನಲ್ಲಿ ಬಂದ ಶೋ. ಆರು ಸೀಸನ್, 144 ಎಪಿಸೋಡ್. ಲೂಸಿಲ್ ಬಾಲ್ ಇಲ್ಲಿ ವಿಧವೆ, ಭಾವನ ಉದ್ಯೋಗ ಏಜೆನ್ಸಿಯಲ್ಲಿ ಕೆಲಸ. ಸದಾ ರೇಗುವ ಆ ಭಾವನ ಪಾತ್ರದಲ್ಲಿ ಗೇಲ್ ಗಾರ್ಡನ್. ಮಕ್ಕಳು ಕಿಮ್ ಮತ್ತು ಕ್ರೇಗ್. ಕಿಮ್ ಆಗಿ ಲೂಸಿ ಅರ್ನಾಜ್, ಕ್ರೇಗ್ ಆಗಿ ಡೆಸಿ ಅರ್ನಾಜ್ ಜೂನಿಯರ್. ಶೋ ಶುರುವಾದಾಗ ಅಕ್ಕನಿಗೆ 17 ವರ್ಷ, ತಮ್ಮನಿಗೆ 15.

ಇಲ್ಲಿ ಒಂದು ಗೊಂದಲ ಆಗುತ್ತದೆ. ಲೂಸಿಲ್ ಬಾಲ್ ಅವರ ಹಿಂದಿನ ಶೋ 'ಐ ಲವ್ ಲೂಸಿ'ಯಲ್ಲಿ ಅವರ ಮಗನಾಗಿ ಬರುವ ಪುಟಾಣಿ ರಿಕಿ ಈ ಹುಡುಗನೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಆ ಪಾತ್ರವನ್ನು ಜಾಸ್ತಿ ದಿನ ಮಾಡಿದ್ದು ಕೀತ್ ಥಿಬೊಡೊ ಅನ್ನುವ ಬೇರೆ ಹುಡುಗ. ಗೊಂದಲಕ್ಕೆ ಕಾರಣ ಇಲ್ಲದೆ ಇಲ್ಲ. 1953ರ ಜನವರಿ 19ರಂದು ಟಿವಿಯಲ್ಲಿ ರಿಕಿ ಹುಟ್ಟಿದ, ಅದೇ ದಿನ ನಿಜವಾಗಿಯೂ ಡೆಸಿ ಜೂನಿಯರ್ ಹುಟ್ಟಿದರು. ಅದೇ ಏಪ್ರಿಲ್‌ನಲ್ಲಿ 'ಟಿವಿ ಗೈಡ್' ಪತ್ರಿಕೆಯ ಮೊದಲ ರಾಷ್ಟ್ರೀಯ ಸಂಚಿಕೆಯ ಮುಖಪುಟದಲ್ಲಿ ಈ ಮಗುವೇ ಇತ್ತು. ಒಂದು ಡೈಲಾಗ್ ಹೇಳುವ ಮೊದಲೇ ಇಡೀ ಅಮೆರಿಕಕ್ಕೆ ಗೊತ್ತಿದ್ದ ಹುಡುಗ ಇವನು. ಈ ಭಾರ ಅವನ ಬೆನ್ನ ಮೇಲಿತ್ತು ಅನ್ನುವುದು ನೆನಪಿರಲಿ, ಆದರೆ ಅದನ್ನೇ ನೆಪ ಮಾಡಿ ಅವನ ನಟನೆಗೆ ಮಾರ್ಕ್ಸ್ ಜಾಸ್ತಿ ಕೊಡಬೇಡಿ.

ಈಗ ನೋಡುವ ಕೆಲಸ. ಯಾವುದಾದರೂ ಒಂದು ಆಫೀಸ್ ಸೀನ್ ಆರಿಸಿಕೊಂಡು ಒಮ್ಮೆ ಧ್ವನಿ ಪೂರ್ತಿ ಬಂದ್ ಮಾಡಿ ನೋಡಿ. ಲೂಸಿಲ್ ಬಾಲ್ ಅವರನ್ನು ನೋಡಲೇಬೇಡಿ. ಕಷ್ಟ, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ, ಆದರೂ ಮಕ್ಕಳ ಮೇಲೆ ಮಾತ್ರ ಗಮನ ಇಡಿ. ಎದುರಿನವರು ಮಾತಾಡುವಾಗ ಇವರು ಕೇಳಿಸಿಕೊಳ್ಳುತ್ತಿದ್ದಾರಾ, ಅಥವಾ ತಮ್ಮ ಸರದಿಗೆ ಕಾಯುತ್ತಿದ್ದಾರಾ? ನಟನೆ ಗೊತ್ತಿಲ್ಲದವರು ಸಿಕ್ಕಿಬೀಳುವುದು ಮಾತಾಡುವಾಗ ಅಲ್ಲ, ಮಾತಿಲ್ಲದೆ ನಿಂತಾಗ. ಕೈ ಎಲ್ಲಿಡಬೇಕು ಗೊತ್ತಾಗುವುದಿಲ್ಲ. ಭುಜ ಬಿಗಿಯಾಗಿರುತ್ತದೆ. ಮುಖದ ಮೇಲಿನ ನಗು ಹಿಂದಿನ ಮಾತಿನದು, ಈಗಿನದಲ್ಲ. ಶುರುವಿನ ಎಪಿಸೋಡ್‌ಗಳಲ್ಲಿ ಕ್ರೇಗ್ ಹೀಗೇ ಕಾಣುತ್ತಾನೆ. ಕಿಮ್ ಸ್ವಲ್ಪ ಬೇರೆ. ಅವಳು ಕೇಳಿಸಿಕೊಳ್ಳುತ್ತಾಳೆ, ಆದರೆ ಪ್ರತಿಕ್ರಿಯೆ ಸ್ವಲ್ಪ ದೊಡ್ಡದಾಗಿಬಿಡುತ್ತದೆ, ಹಿಂದಿನ ಸಾಲಿನವರಿಗೂ ಕಾಣಲಿ ಅನ್ನುವ ಹಾಗೆ.

ಹಿಂದಿನ ಸಾಲು ಅಂದೆ ಅಲ್ವಾ, ಅಲ್ಲಿ ನಿಜವಾಗಿಯೂ ಜನ ಕೂತಿದ್ದರು. 1951ರಲ್ಲಿ 'ಐ ಲವ್ ಲೂಸಿ'ಗಾಗಿ ಮಕ್ಕಳ ತಂದೆ ಡೆಸಿ ಅರ್ನಾಜ್ ಮತ್ತು ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಸೇರಿ ರೂಢಿಗೆ ತಂದ ಪದ್ಧತಿ ಅದು. ಪ್ರೇಕ್ಷಕರ ಎದುರು, ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತಾ, ಫಿಲ್ಮ್ ಮೇಲೆ ನಾಟಕದ ಹಾಗೆ ಶೂಟಿಂಗ್. ಇಲ್ಲಿ ಜನ ನಕ್ಕರೆ ನಗು ಇಳಿಯುವವರೆಗೆ ಕಾಯಬೇಕು, ಪೂರ್ತಿ ನಿಲ್ಲುವ ಮೊದಲೇ ಮುಂದಿನ ಮಾತು ಎತ್ತಬೇಕು. ಇದು ಕಿವಿಯಿಂದ ಬರುವ ಕಲೆ, ವರ್ಷಗಟ್ಟಲೆ ಪಳಗಬೇಕು. ಗೇಲ್ ಗಾರ್ಡನ್ ಮತ್ತು ಲೂಸಿಲ್ ಬಾಲ್ 1940ರ ದಶಕದ ರೇಡಿಯೋ ಕಾಲದಿಂದ ಒಟ್ಟಿಗೆ ಕೆಲಸ ಮಾಡಿದವರು. ಅಂಥ ಇಬ್ಬರ ನಡುವೆ 15ರ ಹುಡುಗನನ್ನು ನಿಲ್ಲಿಸಿದರೆ ಅವನು ಇರುವುದಕ್ಕಿಂತ ಇನ್ನೂ ಮಂಕಾಗಿ ಕಾಣುತ್ತಾನೆ. ಹಾಗಾಗಿ ಆಮೇಲೆ ಧ್ವನಿ ಹಾಕಿ ಅದೇ ಸೀನ್ ಇನ್ನೊಮ್ಮೆ ನೋಡಿ, ಈ ಸಲ ನಗುವಿನ ಮೇಲೆ ಕಿವಿ ಇಡಿ. ಮಕ್ಕಳು ನಗುವಿನ ಮೇಲೆಯೇ ಮಾತಾಡಿಬಿಟ್ಟರಾ, ಅಥವಾ ಜಾಸ್ತಿ ಕಾದು ಮಾತು ತಣ್ಣಗಾಯಿತಾ? ಟೈಮಿಂಗ್ ಸರಿಯಿಲ್ಲ ಅಂತ ಸುಮ್ನೆ ಹೇಳುವುದಕ್ಕೂ, ಈ ಸಾಲಿನಲ್ಲಿ ಬೇಗ ಬಾಯಿಬಿಟ್ಟರು ಅಂತ ತೋರಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಆಮೇಲೆ ಬರವಣಿಗೆಯನ್ನು ಬೇರೆ ಮಾಡಿ. ಮಕ್ಕಳ ಡೈಲಾಗ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಷ್ಟು ಸಾಲು ನಗಿಸಲು ಬರೆದದ್ದು, ಎಷ್ಟು ಸಾಲು ಅಮ್ಮ ಮುಂದೆ ಜೋಕ್ ಹೊಡೆಯಲಿ ಅಂತ ದಾರಿ ಮಾಡಿಕೊಡಲು ಬರೆದದ್ದು? ಕ್ರೇಗ್‌ಗೆ ಸಿಕ್ಕಿದ್ದು ಹೆಚ್ಚಾಗಿ ಎರಡನೆಯದು. ಜೊತೆಗೆ ಆ ಕಾಲದ ಹುಡುಗರ ಭಾಷೆ ಹೀಗಿರುತ್ತದೆ ಅಂತ ದೊಡ್ಡವರು ಊಹಿಸಿ ಬರೆದ ಮಾತುಗಳು. ಅಂಥ ಸಾಲನ್ನು ಗೇಲ್ ಗಾರ್ಡನ್ ಹೇಳಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಇಂಥ ಸಾಲುಗಳನ್ನು ಪಕ್ಕಕ್ಕಿಟ್ಟ ಮೇಲೂ ಕಳಪೆ ಉಳಿದರೆ, ಅದು ನಟನ ಲೆಕ್ಕಕ್ಕೆ ಬರುತ್ತದೆ. ಸ್ವಲ್ಪ ಉಳಿಯುತ್ತದೆ, ಅದನ್ನು ಮುಚ್ಚಿಡುವುದು ಬೇಡ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು: ಅವರ ಕೈಗೆ ನಿಜವಾದ ಕೆಲಸ ಸಿಕ್ಕಾಗ ಏನಾಗುತ್ತದೆ ನೋಡಿ. ಡೆಸಿ ಜೂನಿಯರ್ ನಟನಾಗುವ ಮೊದಲೇ ಡ್ರಮ್ಮರ್. 'ಡಿನೋ, ಡೆಸಿ ಅಂಡ್ ಬಿಲ್ಲಿ' ಬ್ಯಾಂಡ್‌ನಲ್ಲಿ 1965ರಲ್ಲೇ, ಅಂದರೆ 12ನೇ ವಯಸ್ಸಿಗೇ, ಹಿಟ್ ಹಾಡು ಕಂಡವರು. 1970ರ ಡ್ರಮ್ ಸ್ಪರ್ಧೆಯ ಎಪಿಸೋಡ್‌ನಲ್ಲಿ ದೊಡ್ಡ ಜಾಝ್ ಡ್ರಮ್ಮರ್ ಬಡ್ಡಿ ರಿಚ್ ಬರುತ್ತಾರೆ. ಸ್ಟಿಕ್ ಕೈಗೆ ಬಂದಾಗ ಕ್ರೇಗ್‌ನನ್ನು ನೋಡಿ. ಭುಜ ಇಳಿಯುತ್ತದೆ, ಕುತ್ತಿಗೆ ಸಡಿಲವಾಗುತ್ತದೆ, ಕಣ್ಣು ಎದುರಿನವರ ಮೇಲೆ ನಿಲ್ಲುತ್ತದೆ. ಮಾತಿನಲ್ಲಿ ಇಲ್ಲದ ಕೇಳಿಸಿಕೊಳ್ಳುವಿಕೆ ಡ್ರಮ್‌ನಲ್ಲಿ ಪೂರ್ತಿ ಇದೆ. ಅಂದರೆ ಹುಡುಗನಲ್ಲಿ ಏನೂ ಇರಲಿಲ್ಲ ಅನ್ನುವ ಹಾಗಿಲ್ಲ. ಇದ್ದದ್ದನ್ನು ಆ ಪಾತ್ರ ಅಪರೂಪಕ್ಕೆ ಕೇಳಿತು, ಅಷ್ಟೇ.

ಹೋಲಿಸಿ ನೋಡುವುದಾದರೆ ತಾಯಿಯ ಜೊತೆ ಹೋಲಿಸಬೇಡಿ, ಅದು ಯಾರಿಗೂ ನ್ಯಾಯ ಅಲ್ಲ. ಇನ್ನೊಬ್ಬ ಸ್ಟಾರ್ ಮಗನ ಜೊತೆ ಹೋಲಿಸಿ. 1952ರಿಂದ 1966ರವರೆಗೆ 14 ಸೀಸನ್ ಓಡಿದ 'ದಿ ಅಡ್ವೆಂಚರ್ಸ್ ಆಫ್ ಆಝೀ ಅಂಡ್ ಹ್ಯಾರಿಯೆಟ್'ನಲ್ಲಿ ಆಝೀ, ಹ್ಯಾರಿಯೆಟ್ ನೆಲ್ಸನ್ ದಂಪತಿಯ ಸ್ವಂತ ಮಕ್ಕಳಾದ ಡೇವಿಡ್ ಮತ್ತು ರಿಕಿ ತಮ್ಮ ಹೆಸರಿನಲ್ಲೇ ನಟಿಸಿದರು. ಈ ರಿಕಿ ನೆಲ್ಸನ್ ಕೂಡ ಮಹಾ ನಟನೇನಲ್ಲ. ಆದರೂ ಕಣ್ಣಿಗೆ ಕುಕ್ಕುವುದಿಲ್ಲ. ಕಾರಣ ಹುಡುಕಿದರೆ ಸಿಗುತ್ತದೆ: ಎದುರಿಗೆ ಪ್ರೇಕ್ಷಕರಿಲ್ಲ, ಸಿನಿಮಾ ಥರ ಶಾಟ್ ಶಾಟ್ ಆಗಿ ಶೂಟಿಂಗ್, ಮಾತು ಮೆಲ್ಲಗೆ ಆಡಿದರೂ ನಡೆಯುತ್ತದೆ. ಟಿವಿಗೆ ಬರುವ ಮೊದಲೇ 1949ರಿಂದ ಇಬ್ಬರೂ ರೇಡಿಯೋದಲ್ಲಿ ಮಾಡಿ ಪಳಗಿದ್ದರು. ಅಪ್ಪ ಆಝೀ ಬರೆಯುತ್ತಿದ್ದುದು ಮಕ್ಕಳ ಅಳತೆಗೆ. 1957ರಲ್ಲಿ ರಿಕಿಗೆ ಹಾಡುವ ಆಸೆ ಬಂದಾಗ ಅದನ್ನೂ ಶೋ ಒಳಗೇ ತಂದರು.

ಒಂದೇ ಸೀಸನ್ ನೋಡಿ ಬರೆಯಬೇಡಿ. ಡೆಸಿ ಜೂನಿಯರ್ 1971ರಲ್ಲಿ, ಮೂರನೇ ಸೀಸನ್ ಮುಗಿದ ಮೇಲೆ, ಶೋ ಬಿಟ್ಟರು. ಅದೇ ವರ್ಷದ ಸಿನಿಮಾ 'ರೆಡ್ ಸ್ಕೈ ಅಟ್ ಮಾರ್ನಿಂಗ್'ಗೆ ಹೊಸ ನಟರಿಗೆ ಕೊಡುವ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆದರು. ಅಕ್ಕ ಉಳಿದರು, ಕಣ್ಣೆದುರೇ ಬೆಳೆದರು. 1972ರ ಜನವರಿಯಲ್ಲಿ ಲೂಸಿಲ್ ಬಾಲ್ ಸ್ಕೀಯಿಂಗ್‌ಗೆ ಹೋದಾಗ ಕಾಲು ಮುರಿಯಿತು, ಐದನೇ ಸೀಸನ್‌ನ ಕಥೆಯನ್ನೇ ಆ ಪ್ಲಾಸ್ಟರ್ ಕಾಲಿಗೆ ಹೊಂದಿಸಿ ಬರೆದರು. ತಾಯಿ ಓಡಾಡುವ ಹಾಗಿಲ್ಲದಾಗ ಕಿಮ್‌ಗೆ ಜಾಗ ಸಿಕ್ಕಿತು. ಆಗಿನ ಲೂಸಿ ಅರ್ನಾಜ್ ನಗುವಿಗೆ ಕಾಯುವುದನ್ನು ಕಲಿತಿದ್ದಾರೆ, ಪ್ರತಿಕ್ರಿಯೆ ಚಿಕ್ಕದಾಗಿದೆ, ಮೊದಲಿನ ಒಪ್ಪಿಸುವ ಧಾಟಿ ಹೋಗಿದೆ. 1979ರಲ್ಲಿ ನ್ಯೂಯಾರ್ಕ್‌ನ ದೊಡ್ಡ ನಾಟಕರಂಗವಾದ ಬ್ರಾಡ್‌ವೇಯಲ್ಲಿ ಒಂದು ಸಂಗೀತ ನಾಟಕದ ನಾಯಕಿಯಾಗಿ ನಿಂತವರು ಇವರೇ. ನನಗೆ ಈ ಆರು ವರ್ಷದ ಬದಲಾವಣೆ ನೋಡುವುದು ಶೋನ ಎಷ್ಟೋ ಜೋಕ್‌ಗಳಿಗಿಂತ ಇಷ್ಟ.

ಇನ್ನು ಬರೆಯುವಾಗ. ಮೊದಲ ಸಾಲಿನಲ್ಲೇ ಅಪ್ಪ ಅಮ್ಮನ ಹೆಸರು ತರಬೇಡಿ. ಸೀಸನ್ ಯಾವುದು, ಸೀನ್ ಯಾವುದು, ಅಲ್ಲಿ ಏನು ತಪ್ಪಿತು ಅಂತ ಹೇಳಿ. ರೂಪದ ಬಗ್ಗೆ, ಮನೆಯ ಜಗಳ, ಪ್ರೀತಿ ಪ್ರೇಮದ ಬಗ್ಗೆ ಒಂದಕ್ಷರವೂ ಬೇಡ, ಅದಕ್ಕೂ ಕ್ರೇಗ್ ಬಾಗಿಲ ಹತ್ತಿರ ಮರದ ಹಾಗೆ ನಿಂತಿದ್ದಕ್ಕೂ ಸಂಬಂಧವಿಲ್ಲ. ಅವಕಾಶದ ಮಾತನ್ನು ಬಿಡಬೇಡಿ, ಆದರೆ ಬೇರೆ ಪ್ಯಾರಾದಲ್ಲಿ ಬರೆಯಿರಿ: ಬೇರೆ ಯಾವ 15ರ ಹುಡುಗನಿಗೂ ಈ ಪಾತ್ರ ಹೀಗೆ ಸುಲಭಕ್ಕೆ ಸಿಗುತ್ತಿರಲಿಲ್ಲ, ಪಳಗಿದ ಬಾಲನಟರು ಹಾಲಿವುಡ್‌ನಲ್ಲಿ ಬೇಕಾದಷ್ಟು ಜನ ಇದ್ದರು, ಅವರಿಗೆ ಬಾಗಿಲು ತೆರೆಯಲಿಲ್ಲ. ಆ ನಿರ್ಧಾರ ಮಾಡಿದ್ದು ಶೋ ಕಟ್ಟಿದ ದೊಡ್ಡವರು. ಆ ಪ್ರಶ್ನೆಯನ್ನು ಅವರಿಗೆ ಕೇಳಿ, ಹುಡುಗನಿಗಲ್ಲ.

ಟೈಮ್ ಕಡಿಮೆ ಇದ್ದರೆ ಈ ಕ್ರಮದಲ್ಲಿ ನೋಡಿ. ಮೊದಲು 1968ರ ಮೊದಲ ಎಪಿಸೋಡ್, ಮಕ್ಕಳ ಬ್ಯಾಂಡ್‌ನಲ್ಲಿ ಅಮ್ಮ ಹಾಡಲು ನಿಲ್ಲುವುದು. ಆಮೇಲೆ 1970ರ ಬಡ್ಡಿ ರಿಚ್ ಎಪಿಸೋಡ್. ನಂತರ ಐದನೇ ಸೀಸನ್‌ನಿಂದ ಕಿಮ್ ಜಾಸ್ತಿ ಇರುವ ಯಾವುದಾದರೂ ಒಂದು. ಕೊನೆಗೆ 1992ರ 'ದಿ ಮ್ಯಾಂಬೊ ಕಿಂಗ್ಸ್' ಸಿನಿಮಾ, ಅದರಲ್ಲಿ ಡೆಸಿ ಜೂನಿಯರ್ ತಮ್ಮ ತಂದೆಯ ಪಾತ್ರವನ್ನೇ ಮಾಡಿದ್ದಾರೆ. ಚಿಕ್ಕ ಪಾತ್ರ, ಎದುರಿನವರು ಮಾತಾಡುವಾಗ ಡೆಸಿ ಜೂನಿಯರ್ ಮುಖ ನೋಡಿ.