‘ವಾಸನಿ ಬರತೈತ್ರಿ, ಸೋರೂದು ಕಾಣವಲ್ದು’

ಏಪ್ರಿಲ್-ಮೇ ಬಿಸಿಲು ಏರಿದಂತೆ ಹುಬ್ಬಳ್ಳಿಯ ಗ್ಯಾರೇಜಿಗೆ ಈ ದೂರು ಹೆಚ್ಚಾಗಿ ಬರುತ್ತದೆ. ಸೋರುತ್ತಿರುವುದು ಪೆಟ್ರೋಲಿನ ಆವಿ, ಹಾಗಾಗಿ ಗಾಡಿಯ ಕೆಳಗೆ ಬಗ್ಗಿ ಹನಿ ಹುಡುಕಿ ಉಪಯೋಗವಿಲ್ಲ. ಟ್ಯಾಂಕಿನ ಆವಿ ಇದ್ದಿಲು ತುಂಬಿದ ಕ್ಯಾನಿಸ್ಟರಿಗೆ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಇಂಜಿನ್ ಬಿಸಿಯಾದ ಮೇಲೆ ಪರ್ಜ್ ವಾಲ್ವ್ ತೆರೆಯುತ್ತದೆ, ಇಂಜಿನ್ ಆ ಆವಿಯನ್ನು ಮ್ಯಾನಿಫೋಲ್ಡಿಗೆ (ಗಾಳಿ ಒಳಬರುವ ಕೊಳವೆಗೆ) ಎಳೆದುಕೊಳ್ಳುತ್ತದೆ, ಕ್ಯಾನಿಸ್ಟರಿನ ಗಾಳಿಬಾಯಿಯಾದ ವೆಂಟ್ ಕಡೆಯಿಂದ ಹೊಸ ಗಾಳಿ ಒಳಗೆ ಬರುತ್ತದೆ.

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಮೊದಲು ಹಚ್ಚುತ್ತೇನೆ, ಆದರೆ ಪೂರ್ತಿ ನಂಬುವುದಿಲ್ಲ. ಅಮೆರಿಕದ ಕಾರುಗಳಲ್ಲಿ ಟ್ಯಾಂಕಿಗೆ ಒತ್ತಡದ ಸೆನ್ಸರ್, ವೆಂಟಿಗೆ ಮುಚ್ಚುವ ವಾಲ್ವ್ ಇರುತ್ತವೆ. ಸುಮಾರು 1 ಮಿ.ಮೀ. ರಂಧ್ರಕ್ಕೆ ಪಿ0442, ಅರ್ಧ ಮಿ.ಮೀ.ಗೆ ಪಿ0456, ದೊಡ್ಡ ಸೋರಿಕೆಗೆ ಪಿ0455 ಎಂದು ಕೋಡ್ ಬೀಳುತ್ತದೆ. ನಮ್ಮ ಕಡೆ ಓಡುವ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಬಹುಪಾಲಿಗೆ ಈ ಸೆನ್ಸರೇ ಇಲ್ಲ. ಪರ್ಜ್ ವಾಲ್ವಿನ ವೈರ್ ಕಡಿದರೆ ಕೋಡ್ ಬಂದೀತು, ಪೈಪ್ ಸೀಳಿದರೆ ಬರುವುದಿಲ್ಲ.

ವಾಸನೆ ಯಾವಾಗ, ಎಲ್ಲಿ ಎಂದು ಮಾಲೀಕರನ್ನು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. ಟ್ಯಾಂಕ್ ಫುಲ್ ಮಾಡಿದಾಗ ಒಳಗೇ ವಾಸನೆ ಬಂದರೆ ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನಲ್ಲಿ ಪಂಪ್ ಕೂರುವ ಕಡೆಯ ಒ-ರಿಂಗ್ (ರಬ್ಬರ್ ಬಳೆ) ನೋಡಬೇಕು. ಪಂಪ್ ಬಿಚ್ಚಿದಾಗ ಈ ರಿಂಗ್ ಪೆಟ್ರೋಲ್ ಕುಡಿದು ಉಬ್ಬಿರುತ್ತದೆ. ಅದನ್ನೇ ಒತ್ತಿ ಕೂಡಿಸಿದರೆ ಒಂದು ಕಡೆ ಮಡಚಿಕೊಳ್ಳುತ್ತದೆ. ಹೊಸದೇ ಹಾಕಬೇಕು. ಹಿಂದಿನ ಚಕ್ರದ ಹತ್ತಿರ ವಾಸನೆಯಾದರೆ ಟ್ಯಾಂಕ್ ಕ್ಯಾಪಿನ ರಬ್ಬರ್, ಆಮೇಲೆ ಪೆಟ್ರೋಲ್ ತುಂಬಿಸುವ ಫಿಲ್ಲರ್ ಪೈಪ್ ನೋಡಬೇಕು. ನವಲಗುಂದ, ಗದಗ ಕಡೆಯ ಎರೆಮಣ್ಣು ಪೈಪಿನ ಕ್ಲಾಂಪಿನೊಳಗೆ ಹೊಕ್ಕು ಹಸಿ ಹಿಡಿದಿರುತ್ತದೆ, ಕಬ್ಬಿಣದ ಪೈಪನ್ನು ಅಲ್ಲಿಂದಲೇ ತುಕ್ಕು ತಿನ್ನುತ್ತದೆ.

ಫುಲ್ ಮಾಡಿದ ಕೂಡಲೇ ಸ್ಟಾರ್ಟ್ ತಡವಾದರೆ ನನ್ನ ಅನುಮಾನ ಪರ್ಜ್ ವಾಲ್ವಿನ ಮೇಲೆ. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು. ತಣ್ಣಗಿನ ಇಂಜಿನ್ ಐಡಲಿನಲ್ಲಿರುವಾಗ ಕ್ಯಾನಿಸ್ಟರ್ ಕಡೆಯ ಪೈಪ್ ತೆಗೆದು ವಾಲ್ವಿನ ಬಾಯಿಗೆ ಬೆರಳಿಡುತ್ತೇನೆ. ಬೆರಳು ಎಳೆದುಕೊಂಡರೆ ವಾಲ್ವ್ ಮುಚ್ಚುತ್ತಿಲ್ಲ. ಇದೇ ದೋಷ ಸ್ಕ್ಯಾನರಿನಲ್ಲಿ ಎರಡು ಮುಖ ತೋರಿಸುತ್ತದೆ: ಕ್ಯಾನಿಸ್ಟರ್ ತುಂಬಿದಾಗ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು-ಕಡಿಮೆ ಮಾಡುವ ಲೆಕ್ಕ) ಮೈನಸ್‌ಗೆ ಇಳಿಯುತ್ತದೆ, ಆವಿ ಖಾಲಿಯಾದ ಮೇಲೆ ಬರೀ ಗಾಳಿ ಎಳೆದು ಪ್ಲಸ್‌ಗೆ ಏರುತ್ತದೆ. ಹೀಗೆ ಏರಿಳಿದದ್ದಕ್ಕೆ ಆಕ್ಸಿಜನ್ ಸೆನ್ಸರ್ ಬದಲಿಸಿಕೊಂಡು ಬಂದ ಗಾಡಿಗಳಿವೆ.

ವಾಲ್ವ್ ಬಿಚ್ಚಿ ಅಂಗೈ ಮೇಲೆ ತಟ್ಟಿದಾಗ ಕರಿ ಪುಡಿ ಉದುರಿದರೆ ವಾಲ್ವ್ ಒಂದನ್ನೇ ಬದಲಿಸಬೇಡಿ. ಆ ಪುಡಿ ಕ್ಯಾನಿಸ್ಟರಿನ ಇದ್ದಿಲು. ಬಂಕಿನಲ್ಲಿ ನಳಿಕೆ ಕಟ್ ಆದ ಮೇಲೂ ‘ರೌಂಡ್ ಫಿಗರ್ ಮಾಡ್ರಿ’ ಎಂದು ಹಾಕಿಸಿದಾಗ ದ್ರವ ಪೆಟ್ರೋಲೇ ಕ್ಯಾನಿಸ್ಟರಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಹೊಸ ವಾಲ್ವ್ ಮುಚ್ಚಿಕೊಳ್ಳುವ ಜಾಗದಲ್ಲೂ ಅದೇ ಪುಡಿ ಕೂರುತ್ತದೆ.

ಇವೆಲ್ಲ ಸರಿಯಿದ್ದರೆ ಹೊಗೆ ಬಿಟ್ಟು ಸೋರಿಕೆ ಹುಡುಕಬೇಕು. ವೆಂಟಿಗೆ ರಬ್ಬರ್ ಬಿರಡೆ ಜಡಿದು, ಪರ್ಜ್ ಪೈಪಿನಿಂದ ಹೊಗೆ ಮಷಿನ್‌ನ ಹೊಗೆ ಬಿಡುತ್ತೇನೆ. ಒತ್ತಡ ಅರ್ಧ ಪಿಎಸ್ಐ ಸಾಕು, 1 ದಾಟಬಾರದು. ಯು ಆಕಾರದ ಪಾರದರ್ಶಕ ಪೈಪಿನಲ್ಲಿ ನೀರು ಹಾಕಿ, ಅದನ್ನು ಟಿ ಆಕಾರದ ಜೋಡಣೆಯಿಂದ ಹೊಗೆಯ ಪೈಪಿಗೆ ಕೂಡಿಸಿದರೆ ಎರಡೂ ಕಡೆಯ ನೀರಿನ ಅಂತರ ಸುಮಾರು 35 ಸೆಂ.ಮೀ. ಬಂದಾಗ ಅರ್ಧ ಪಿಎಸ್ಐ ಆಯಿತು. ದುಡ್ಡು ಕೊಟ್ಟು ತರುವ ಒತ್ತಡದ ಗೇಜಿಗಿಂತ ನನಗೆ ಈ ನೀರಿನ ಮೇಲೆ ಭರವಸೆ ಹೆಚ್ಚು. ಟೈರಿಗೆ ಗಾಳಿ ಹೊಡೆಯುವ ಕಂಪ್ರೆಸರ್ ಪೈಪ್ ನೇರ ಹಚ್ಚಿದರೆ ಚೆನ್ನಾಗಿದ್ದ ಜೋಡಣೆಗಳೂ ಬಿಟ್ಟುಕೊಳ್ಳುತ್ತವೆ. ಮಷಿನ್‌ಗೆ ಗಾಳಿಯ ಬದಲು ನೈಟ್ರೋಜನ್ ಕೊಡುತ್ತೇನೆ, ಪೆಟ್ರೋಲ್ ಆವಿಗೆ ಗಾಳಿ ಸೇರಿದರೆ ಕಿಡಿಯೊಂದು ಸಾಕು. ಊದಿನಕಡ್ಡಿ ಹೊಗೆಯ ಪ್ರಯೋಗ ಮಾಡುವವರೂ ಇದ್ದಾರೆ, ಅವರ ಗ್ಯಾರೇಜಿನೊಳಗೆ ನಾನು ಕಾಲಿಡುವುದಿಲ್ಲ.

ಹೊಗೆ ಬಿಡುವ ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗದಿಂದ ಮುಕ್ಕಾಲು ಭಾಗದೊಳಗಿರಲಿ, ಗಾಡಿ ರಾತ್ರಿಯಿಡೀ ನೆರಳಿನಲ್ಲಿ ನಿಂತಿರಲಿ. ಬಿಸಿಲಿನಿಂದ ಬಂದ ಗಾಡಿಯಲ್ಲಿ ಪೆಟ್ರೋಲ್ ತಾನೇ ಆವಿಯಾಗಿ ಒತ್ತಡ ಏರಿಸುತ್ತದೆ, ಸೋರುತ್ತಿದ್ದರೂ ನೀರಿನ ಮಟ್ಟ ಇಳಿಯುವುದಿಲ್ಲ. ಹೊಗೆ ಹೊರಗೆ ಇಣುಕಲು ಐದಾರು ನಿಮಿಷ ಬೇಕು. ಫ್ಯಾನ್ ಬಂದ್ ಮಾಡಿ, ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿದರೆ ಕ್ಯಾನಿಸ್ಟರಿಗೆ ಪೈಪ್ ಸಿಕ್ಕಿಸುವ ಬಾಯಿಯ ಬುಡದಲ್ಲಿ ಕೂದಲೆಳೆಯಂತೆ ಏಳುತ್ತದೆ. ಎಪಿಎಂಸಿ ಹತ್ತಿರ ನಿಲ್ಲುವ ಗಾಡಿಯಾದರೆ ಇಲಿ ಕಡಿದ ಪೈಪಿನಿಂದ ದಪ್ಪಗೇ ಬರುತ್ತದೆ.

ಕೆಲಸ ಮುಗಿದ ಮೇಲೆ ಬಿರಡೆ ತೆಗೆಯಲು ಮರೆಯಬೇಡಿ, ಜೊತೆಗೆ ವೆಂಟ್ ಪೈಪಿನ ಬಾಯಿಯೊಳಗೂ ನೋಡಿ. ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಆಗ ಕ್ಯಾಪ್ ತೆರೆದಾಗ ಬುಸ್ ಎನ್ನುತ್ತದೆ, ಬಂಕಿನಲ್ಲಿ ನಳಿಕೆ ಎರಡು ಲೀಟರಿಗೊಮ್ಮೆ ಕಟ್ ಆಗುತ್ತದೆ.